ಎಷ್ಟು ಇಂಚು ಎಂದು ಕೇಳುವ ಮೊದಲು



ನಮ್ಮ ಸಂಘದ ಯಾವ ಕಾರ್ಯಕ್ರಮದಲ್ಲೇ ಆಗಲಿ, ಬಿಸಿಬೇಳೆಭಾತಿನ ತಟ್ಟೆ ಹಿಡಿದು ನಾಲ್ಕು ಜನ ಗಂಡಸರು ಒಂದು ಮೂಲೆಯಲ್ಲಿ ನಿಂತರೆ ಮಾತು ಮೂರೇ ವಿಷಯಕ್ಕೆ ಹೋಗುತ್ತದೆ: ಮನೆ ಸಾಲದ ಬಡ್ಡಿ, 401ರ ಟ್ರಾಫಿಕ್, ಹೊಸ ಟಿವಿ. ಟಿವಿ ಎಂದ ಕೂಡಲೇ ಬರುವ ಮೊದಲ ಪ್ರಶ್ನೆ "ಎಷ್ಟು ಇಂಚು?" ಎರಡನೆಯದು "ಎಷ್ಟಕ್ಕೆ ಸಿಕ್ಕಿತು?" ಇಷ್ಟು ವರ್ಷ ನಾನೂ ಇದೇ ಎರಡು ಪ್ರಶ್ನೆ ಕೇಳಿಕೊಂಡು ಬಂದವನು. ಊರಿನಿಂದ ಅಪ್ಪ-ಅಮ್ಮ ಬಂದಾಗ ಅವರಿಗೆಂದು ಟಿವಿ ಕೊಂಡಾಗಲೂ ಇವೆರಡನ್ನೇ ಕೇಳಿದೆ. ಕೇಳಬೇಕಾಗಿದ್ದ ಮೂರನೆಯ ಪ್ರಶ್ನೆ ಹೊಳೆದದ್ದು ಆಮೇಲೆ. ಅದರ ಬಗ್ಗೆಯೇ ಈ ಬರಹ.

ನಮ್ಮ ಮನೆ ಬ್ರಾಂಪ್ಟನ್ನಿನಲ್ಲಿ. ಅಪ್ಪ-ಅಮ್ಮ ಸೂಪರ್ ವೀಸಾದಲ್ಲಿ ಸೆಪ್ಟೆಂಬರಿನಲ್ಲಿ ಬಂದರು. ಎಲೆ ಕೆಂಪಾಗುವುದನ್ನು ನೋಡಿದರು, ನಯಾಗರ ನೋಡಿದರು, ಎದುರು ಮನೆಯ ಪಂಜಾಬಿ ತಾತನ ಜೊತೆ ಹರಕು ಹಿಂದಿಯಲ್ಲಿ ವಾಕಿಂಗ್ ಸ್ನೇಹವನ್ನೂ ಬೆಳೆಸಿದರು. ನವೆಂಬರ್ ಬಂತು, ವಾಕಿಂಗ್ ನಿಂತಿತು. ಡಿಸೆಂಬರಿನಲ್ಲಿ ಹಿಮ ಬಿದ್ದ ಮೇಲೆ ಅಪ್ಪನ ಪ್ರಪಂಚ ಕೆಳಗಿನ ಕೋಣೆ ಮತ್ತು ಅಡುಗೆಮನೆಗಳ ನಡುವಿನ ಇಪ್ಪತ್ತು ಹೆಜ್ಜೆಗೆ ಇಳಿಯಿತು. ನಾನು, ನನ್ನ ಹೆಂಡತಿ ಇಬ್ಬರೂ ಕೆಲಸಕ್ಕೆ, ಮಗಳು ಸ್ಕೂಲಿಗೆ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಮನೆಯಲ್ಲಿ ಅವರಿಬ್ಬರೇ. ಅದಕ್ಕೇ ಬಾಕ್ಸಿಂಗ್ ಡೇ ಸೇಲಿನಲ್ಲಿ 55 ಇಂಚಿನ ಟಿವಿ ತಂದು ಅವರ ಕೋಣೆಯ ಗೋಡೆಗೆ ಹಾಕಿಸಿದೆ. ಜೊತೆಗೆ ಕೇಬಲ್ ಬಾಕ್ಸ್, ಕನ್ನಡ ವಾಹಿನಿಗಳಿಗೆ ಒಂದು ಸ್ಟ್ರೀಮಿಂಗ್ ಸ್ಟಿಕ್, ಕೆಳಗೊಂದು ಸೌಂಡ್‌ಬಾರ್. ಒಟ್ಟು ನಾಲ್ಕು ರಿಮೋಟ್. ಅಪ್ಪನನ್ನು ಕೂರಿಸಿಕೊಂಡು ಹತ್ತು ನಿಮಿಷ ಪಾಠ ಮಾಡಿದೆ. "ಗೊತ್ತಾಯ್ತಾ ಅಪ್ಪ?" ಎಂದೆ. "ಗೊತ್ತಾಯ್ತು ಬಿಡು" ಎಂದರು. ನನ್ನ ಕರ್ತವ್ಯ ಮುಗಿಯಿತು ಎಂದುಕೊಂಡೆ.

ಜನವರಿಯಲ್ಲಿ ಒಂದು ದಿನ ಮೈ ಸರಿಯಿಲ್ಲದೆ ಮಧ್ಯಾಹ್ನವೇ ಮನೆಗೆ ಬಂದೆ. ಅಮ್ಮ ಮಲಗಿದ್ದರು. ಅಪ್ಪ ಕುರ್ಚಿಯಲ್ಲಿ ಕೂತಿದ್ದರು. ಎದುರಿಗೆ ಟಿವಿ ಕಪ್ಪಗಿತ್ತು. ಮಧ್ಯದಲ್ಲಿ ಒಂದು ಸಣ್ಣ ಇಂಗ್ಲಿಷ್ ಸಾಲು, ಸಿಗ್ನಲ್ ಇಲ್ಲ ಎಂದು. "ಯಾಕಪ್ಪ, ಏನಾಯ್ತು?" ಎಂದೆ. "ಏನೂ ಇಲ್ಲ, ಸುಮ್ಮನೆ ಕೂತಿದ್ದೆ" ಎಂದರು. ಎದ್ದು ಬಂದ ಅಮ್ಮ ನಿಜ ಹೇಳಿದರು: "ನಾಲ್ಕು ದಿನದಿಂದ ಹಿಂಗೇ ಇದೆ ಕಣೋ. ಏನೋ ಒತ್ತಿದ್ರಂತೆ, ಹೋಯ್ತಂತೆ. ನೀನು ಮೀಟಿಂಗಲ್ಲಿರ್ತೀಯ, ಸಂಜೆ ಸುಸ್ತಾಗಿ ಬರ್ತೀಯ, ಹೇಳಬೇಡ ಅಂದ್ರು."

ಆದದ್ದು ಇಷ್ಟೇ. ಧ್ವನಿ ಹೆಚ್ಚಿಸಲು ಹೋಗಿ ಪಕ್ಕದ 'ಸೋರ್ಸ್' ಗುಂಡಿ ಒತ್ತಿಬಿಟ್ಟಿದ್ದರು. ಸರಿಪಡಿಸಲು ನನಗೆ ಎರಡು ಸೆಕೆಂಡ್ ಸಾಕಾಯಿತು. ಆ ಎರಡು ಸೆಕೆಂಡಿನ ಕೆಲಸಕ್ಕಾಗಿ ಅವರು ನಾಲ್ಕು ದಿನ ಕಾದಿದ್ದರು, ಅದೂ ನನ್ನನ್ನು ಕೇಳದೆ. ಆ ನಾಲ್ಕು ಸಂಜೆಯೂ ನಾನು ಕೋಣೆಗೆ ಇಣುಕಿದ್ದೆ. ಟಿವಿ ಆರಿದ್ದನ್ನು ನೋಡಿ, ಪಾಪ ಬೆಳಿಗ್ಗೆಯಿಂದ ನೋಡಿ ಸಾಕಾಗಿರಬೇಕು ಎಂದುಕೊಂಡು ಹೊರಟುಹೋಗಿದ್ದೆ.

ನಮ್ಮಪ್ಪ ಯಂತ್ರಕ್ಕೆ ಹೆದರುವವರಲ್ಲ. ಕೆ.ಇ.ಬಿ.ಗೆ ಸೇರಿ ಬೆಸ್ಕಾಂನಲ್ಲಿ ನಿವೃತ್ತರಾದವರು. ತಿಪಟೂರಿನ ಸುತ್ತ 11 ಕೆವಿ ಲೈನುಗಳ ನಡುವೆ ಮೂವತ್ತು ವರ್ಷಕ್ಕೂ ಹೆಚ್ಚು ದುಡಿದವರು. ನಾನು ಚಿಕ್ಕವನಿದ್ದಾಗ ಭಾನುವಾರ ದೂರದರ್ಶನದ ಸಿನಿಮಾ ಶುರುವಾಗುವ ಮೊದಲು ತಾರಸಿ ಹತ್ತಿ ಆಂಟೆನಾ ತಿರುಗಿಸುತ್ತಿದ್ದವರು ಅವರೇ. ಕೆಳಗಿನಿಂದ "ಬಂತು, ಬಂತು... ಹೋಯ್ತು" ಎಂದು ಕೂಗುವುದು ನನ್ನ ಕೆಲಸ. ಆ ಟಿವಿಗೆ ಇದ್ದದ್ದು ತಿರುಗಿಸುವ ಗುಂಡಿಗಳು: ಒಂದು ಹಚ್ಚುವುದಕ್ಕೆ ಮತ್ತು ಧ್ವನಿಗೆ, ಇನ್ನೊಂದು ಚಾನೆಲ್ಲಿಗೆ. ತಿರುಗಿಸಿದರೆ 'ಟಕ್' ಎನ್ನುತ್ತಿತ್ತು. ಎಲ್ಲಿದ್ದೇವೆ ಎಂದು ಕೈಗೇ ತಿಳಿಯುತ್ತಿತ್ತು.

ಅಂದು ಸಂಜೆ ಅಪ್ಪ ಹೇಳಿದ ಒಂದು ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. "ನಮ್ಮ ಸಬ್‌ಸ್ಟೇಷನ್ನಲ್ಲಿ ಒಂದು ಸ್ವಿಚ್ಚಿಗೆ ಒಂದೇ ಕೆಲಸ ಕಣಪ್ಪ. ಅದರ ಕೆಳಗೆ ಹೆಸರು ಬರೆದಿರುತ್ತೆ. ಒಂದೇ ಸ್ವಿಚ್ಚು ಇವತ್ತೊಂದು, ನಾಳೆ ಇನ್ನೊಂದು ಮಾಡಿದ್ರೆ ನಮ್ಮ ಲೈನ್‌ಮನ್‌ಗಳು ಉಳೀತಿದ್ರಾ?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಯಾಕೆಂದರೆ ಇವತ್ತೊಂದು, ನಾಳೆ ಇನ್ನೊಂದು ಮಾಡುವ ಗುಂಡಿಗಳನ್ನು ತಯಾರಿಸಿಯೇ ನಾನು ಸಂಬಳ ತೆಗೆದುಕೊಳ್ಳುವುದು. ಹೊಸ ಅಪ್‌ಡೇಟಿನಲ್ಲಿ ಮೆನು ಎಡದಿಂದ ಮೇಲಕ್ಕೆ ಹೋದರೆ ನಮ್ಮ ಟೀಮಿನಲ್ಲಿ ಹೇಳುವ ಮಾತು "ಜನಕ್ಕೆ ಅಭ್ಯಾಸ ಆಗುತ್ತೆ ಬಿಡಿ" ಎಂದು. ಆ ಜನರಲ್ಲಿ ಒಬ್ಬರು ನಮ್ಮ ಮನೆಯ ಕೆಳಗಿನ ಕೋಣೆಯಲ್ಲೇ ಕೂತಿದ್ದರು.

ಕೆಲವು ಸ್ನೇಹಿತರು ಇದನ್ನು ಒಪ್ಪಲಿಲ್ಲ. "ನಿಮ್ಮಮ್ಮ ವಾಟ್ಸಾಪಿನಲ್ಲಿ ದಿನಾ ಇಪ್ಪತ್ತು ಗುಡ್ ಮಾರ್ನಿಂಗ್ ಕಳಿಸುತ್ತಾರೆ, ವಿಡಿಯೋ ಕಾಲ್ ಮಾಡುತ್ತಾರೆ. ಟಿವಿ ಯಾಕೆ ಬರಲ್ಲ? ಕಲಿಸಿದರೆ ಕಲಿಯುತ್ತಾರೆ" ಎಂದರು. ನಾನೂ ಹಾಗೆಂದೇ ನಂಬಿದ್ದೆ. ಪಕ್ಕದಲ್ಲಿ ಕೂತು ಗಮನಿಸಿದ ಮೇಲೆ ವ್ಯತ್ಯಾಸ ಗೊತ್ತಾಯಿತು. ಫೋನಿನಲ್ಲಿ ಬೇಕಾದ್ದರ ಮೇಲೆಯೇ ಬೆರಳಿಡುತ್ತೇವೆ, ಮೊಮ್ಮಗಳ ಮುಖ ಒತ್ತಿದರೆ ಮೊಮ್ಮಗಳು ಬರುತ್ತಾಳೆ. ಟಿವಿಯಲ್ಲಿ ಒತ್ತುವುದು ಕೈಯಲ್ಲಿ, ಆಗುವುದು ಒಂಬತ್ತು ಅಡಿ ದೂರದಲ್ಲಿ. ರಿಮೋಟಿನ ಅಕ್ಷರ ಓದಲು ಅಪ್ಪನಿಗೆ ಒಂದು ಕನ್ನಡಕ, ಪರದೆ ನೋಡಲು ಇನ್ನೊಂದು. ಕನ್ನಡಕ ಬದಲಿಸಿ ತಲೆ ಎತ್ತುವಷ್ಟರಲ್ಲಿ ಪರದೆಯ ಮೇಲಿನ ಮೆನು ಮಾಯ. ಇದನ್ನು ಕಲಿಯುವ ಶಕ್ತಿ ಇಲ್ಲ ಎನ್ನುವುದು ಅನ್ಯಾಯ.

ಹಾಗಾಗಿ ನನ್ನ ಅಭಿಪ್ರಾಯ ಇದು: ಹಿರಿಯರಿಗೆ ಟಿವಿ ಆರಿಸುವಾಗ ಮೊದಲು ಕೇಳಬೇಕಾದದ್ದು ಇಂಚನ್ನಲ್ಲ. "ನಾನು ಮನೆಯಲ್ಲಿ ಇಲ್ಲದಾಗ, ಯಾರನ್ನೂ ಕೇಳದೆ, ಇವರು ಇದನ್ನು ಹಚ್ಚಿ, ಬೇಕಾದ್ದು ನೋಡಿ, ದಾರಿ ತಪ್ಪಿದರೆ ವಾಪಸ್ಸು ಬರಬಲ್ಲರೇ?" ಎಂದು ಕೇಳಬೇಕು. ನಮ್ಮ ದೇಶ ಬಿಟ್ಟು ಇಲ್ಲಿಗೆ ಬಂದ ತಂದೆತಾಯಿ ಈಗಾಗಲೇ ಎಲ್ಲದಕ್ಕೂ ನಮ್ಮನ್ನು ಕೇಳುವ ಸ್ಥಿತಿಯಲ್ಲಿದ್ದಾರೆ. ದೇವಸ್ಥಾನಕ್ಕೆ ಹೋಗಲು ಕಾರು ನಮ್ಮದು, ಔಷಧಿ ತರುವವರು ನಾವು, ಬಾಗಿಲು ತಟ್ಟಿದವರಿಗೆ ಇಂಗ್ಲಿಷಿನಲ್ಲಿ ಉತ್ತರಿಸುವವರೂ ನಾವೇ. ಕನಿಷ್ಠ ಒಂದು ವಸ್ತುವಿನ ಮೇಲಾದರೂ ಅವರದೇ ಯಜಮಾನಿಕೆ ಇರಲಿ. 2011ರ ಡಿಸೆಂಬರಿನಲ್ಲಿ ಸೂಪರ್ ವೀಸಾ ಶುರುವಾದಾಗ ಒಮ್ಮೆ ಬಂದವರು ಎರಡು ವರ್ಷ ಇರಬಹುದಿತ್ತು. 2022ರ ಜುಲೈಯಿಂದ ಅದು ಐದು ವರ್ಷವಾಗಿದೆ. ಐದು ವರ್ಷವೆಂದರೆ ಐದು ಚಳಿಗಾಲ.

ಇನ್ನು ಅಂಗಡಿಯ ವಿಷಯ. ಅಂಗಡಿಯಲ್ಲಿ ಟಿವಿ ತೋರಿಸುವ ರೀತಿಯೇ ನಮ್ಮನ್ನು ದಾರಿ ತಪ್ಪಿಸುವಂಥದ್ದು. ಗಿಣಿ, ಹವಳ, ಹೂವು ಎಂದು ಕಣ್ಣು ಕುಕ್ಕುವ ಚಿತ್ರಗಳು. ಧ್ವನಿ ಮಾತ್ರ ಕೇಳಿಸುವುದೇ ಇಲ್ಲ, ರಿಮೋಟ್ ಎಲ್ಲೋ ಒಳಗಿರುತ್ತದೆ. ಹಿರಿಯರಿಗೆ ಮುಖ್ಯವಾದ ಎರಡೂ ಅಲ್ಲಿ ಕಾಣುವುದಿಲ್ಲ.

ಮೊದಲು ಧ್ವನಿ. ಟಿವಿ ತೆಳ್ಳಗಾದಂತೆಲ್ಲ ಸ್ಪೀಕರುಗಳು ಹಿಂದಕ್ಕೋ ಕೆಳಕ್ಕೋ ತಿರುಗಿವೆ. ಮಾತು ಗೋಡೆಗೆ ಬಡಿದು ನಮ್ಮ ಕಿವಿಗೆ ಬರುತ್ತದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಸ, ಶ, ತ, ಚ ಮುಂತಾದ ವ್ಯಂಜನಗಳ ಸ್ಪಷ್ಟತೆ ಇರುವುದು ಅಲ್ಲೇ. ಹಾಗಾಗಿ ಶಬ್ದ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. 'ಸರಿ', 'ಕರಿ', 'ತರಿ' ಎಲ್ಲ ಒಂದೇ. ಅದರ ಮೇಲೆ ನಮ್ಮ ಧಾರಾವಾಹಿಗಳ ಹಿನ್ನೆಲೆ ಸಂಗೀತವಂತೂ ನಿಮಗೆ ಗೊತ್ತೇ ಇದೆ. ಅತ್ತೆ ತಿರುಗಿ ನೋಡಿದರೆ ಮೂರು ಸಲ ಗುಡುಗು. ಧ್ವನಿ ಹೆಚ್ಚಿಸಿದರೆ ಗುಡುಗೂ ಹೆಚ್ಚುತ್ತದೆ. ಬೇಕಾದದ್ದು ಮಾತನ್ನು ಮಾತ್ರ ಎತ್ತುವ ಸೌಲಭ್ಯ. ಇದು ಕೆಲವು ಟಿವಿಗಳಲ್ಲೇ ಇದೆ, ಮಾತಿಗೆಂದೇ ಮಧ್ಯದಲ್ಲಿ ಸ್ಪೀಕರ್ ಇರುವ ಸೌಂಡ್‌ಬಾರ್‌ಗಳಲ್ಲಿ ಇನ್ನೂ ಚೆನ್ನಾಗಿದೆ. 65 ಇಂಚಿಗೆ ಕೊಡುವ ಹೆಚ್ಚಿನ ದುಡ್ಡನ್ನು ಅಂಥ ಸೌಂಡ್‌ಬಾರಿಗೆ ಹಾಕಿ ಎನ್ನುವುದು ನನ್ನ ಸಲಹೆ. ಹಿಯರಿಂಗ್ ಏಡ್ ಹಾಕುವವರಾದರೆ, ಟಿವಿ ಧ್ವನಿಯನ್ನು ನೇರವಾಗಿ ಅದಕ್ಕೇ ಕಳಿಸುವ ಪುಟ್ಟ ಪೆಟ್ಟಿಗೆಗಳನ್ನು ಹಲವು ತಯಾರಕರೇ ಮಾರುತ್ತಾರೆ, ವಿಚಾರಿಸಿ.

ಇಲ್ಲಿಯ ಇಂಗ್ಲಿಷ್ ಸಲಹೆಗಳನ್ನು ಓದಿದರೆ ಕಿವಿ ಮಂದವಾದವರಿಗೆ ಮೊದಲು ಹೇಳುವುದು ಕ್ಯಾಪ್ಷನ್ ಹಾಕಿಕೊಳ್ಳಿ ಎಂದು. ಕೆನಡಾದ ಇಂಗ್ಲಿಷ್, ಫ್ರೆಂಚ್ ವಾಹಿನಿಗಳು ಕಾರ್ಯಕ್ರಮಗಳಿಗೆ ಕ್ಯಾಪ್ಷನ್ ಕೊಡಲೇಬೇಕು. ನಮ್ಮ ಕನ್ನಡ ಧಾರಾವಾಹಿಗೆ, ವಾರ್ತೆಗೆ, ಕನ್ನಡ ಅಕ್ಷರದಲ್ಲೇ ಮಾತು ಮೂಡಿ ಬರುವುದು ತೀರಾ ಅಪರೂಪ. ಇಂಗ್ಲಿಷ್ ಅಡಿಬರಹ ನಮ್ಮಮ್ಮನಿಗೆ ಉಪಯೋಗವಿಲ್ಲ. ಕನ್ನಡ ಮಾತ್ರ ಓದಬಲ್ಲ, ಕಿವಿ ಮಂದವಾದ ಅಜ್ಜಿಯೊಬ್ಬರಿಗೆ ಇಡೀ ಟೊರಾಂಟೊದಲ್ಲಿ ಈ ದಾರಿ ಮುಚ್ಚಿದಂತೆಯೇ. ಅದಕ್ಕೇ ನಮ್ಮ ಮನೆಗಳಲ್ಲಿ ಧ್ವನಿಯ ಮಹತ್ವ ಇಲ್ಲಿಯವರ ಮನೆಗಳಿಗಿಂತ ಹೆಚ್ಚು. ಇನ್ನೊಂದು ಮಾತು. ಸೂಪರ್ ವೀಸಾದಲ್ಲಿ ಬಂದವರಿಗೆ ಓಹಿಪ್ ಇಲ್ಲ. ಕಡ್ಡಾಯವಾದ ಒಂದು ಲಕ್ಷ ಡಾಲರಿನ ವಿಮೆ ಇರುವುದು ತುರ್ತು ಚಿಕಿತ್ಸೆಗಾಗಿ. ಕಿವಿ ಪರೀಕ್ಷೆ, ಹಿಯರಿಂಗ್ ಏಡ್ ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ. ವಿಮಾನ ಹತ್ತುವ ಮೊದಲೇ ಊರಿನಲ್ಲಿ ಕಿವಿ, ಕಣ್ಣು ಎರಡನ್ನೂ ತೋರಿಸಿಕೊಂಡು ಬರುವಂತೆ ಹೇಳಿ.

ಎರಡನೆಯದು ರಿಮೋಟ್. ನನ್ನ ನಿಯಮ ಒಂದೇ: ಮನೆಯಲ್ಲಿ ಎಷ್ಟು ಪೆಟ್ಟಿಗೆ ಬೇಕಾದರೂ ಇರಲಿ, ಹಿರಿಯರ ಕೈಗೆ ಒಂದೇ ರಿಮೋಟ್. ಟಿವಿ, ಸೌಂಡ್‌ಬಾರ್, ಸ್ಟಿಕ್ ಇವು ಎಚ್‌ಡಿಎಂಐ ತಂತಿಯ ಮೂಲಕವೇ ಒಂದಕ್ಕೊಂದು ಮಾತಾಡಬಲ್ಲವು. ಸೆಟ್ಟಿಂಗಿನಲ್ಲಿ ಸಿಇಸಿ ಎಂಬುದನ್ನು ಚಾಲೂ ಮಾಡಿದರೆ ಒಂದು ಗುಂಡಿಗೆ ಎಲ್ಲವೂ ಹತ್ತಿಕೊಳ್ಳುತ್ತವೆ. ಸೌಂಡ್‌ಬಾರನ್ನು ಎಆರ್‌ಸಿ ಎಂದು ಬರೆದಿರುವ ಕಿಂಡಿಗೆ ಸೇರಿಸಿದರೆ ಧ್ವನಿಯೂ ಅದೇ ರಿಮೋಟಿಗೆ ಬರುತ್ತದೆ. ಕೆಲವು ಟಿವಿಗಳಲ್ಲಿ ಹಚ್ಚಿದ ಕೂಡಲೇ ಕೊನೆಗೆ ನೋಡುತ್ತಿದ್ದ ಆ್ಯಪ್ ತಾನಾಗಿ ತೆರೆದುಕೊಳ್ಳುವ ಆಯ್ಕೆ ಇರುತ್ತದೆ. ಗೂಗಲ್ ಟಿವಿಯಲ್ಲಿ ಜಾಹೀರಾತಿನಂತಿರುವ ಶಿಫಾರಸುಗಳನ್ನೆಲ್ಲ ತೆಗೆದು ಬರೀ ಆ್ಯಪ್‌ಗಳನ್ನು ತೋರಿಸುವ ಸೌಲಭ್ಯವಿದೆ. ಇವೆಲ್ಲ ಕೊಳ್ಳುವಾಗ ನೋಡಬೇಕಾದ ಸಂಗತಿಗಳು. ರಿಮೋಟ್ ಕೈಯಲ್ಲಿ ಹಿಡಿದು ನೋಡದೆ ಟಿವಿ ಕೊಳ್ಳಬೇಡಿ. ಗುಂಡಿಗಳು ಉಬ್ಬಿವೆಯೇ, ಅಕ್ಷರ ದೊಡ್ಡದಿದೆಯೇ, ಧ್ವನಿಯ ಗುಂಡಿಯ ಪಕ್ಕದಲ್ಲೇ ಅಪಾಯದ ಗುಂಡಿ ಇದೆಯೇ?

ಪರದೆಯ ವಿಷಯ ಬೇಗ ಮುಗಿಸುತ್ತೇನೆ. ಅರವತ್ತರ ಕಣ್ಣಿನ ಒಳಪರದೆಗೆ ತಲುಪುವುದು ಇಪ್ಪತ್ತರ ಕಣ್ಣಿಗೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ ಎನ್ನುತ್ತಾರೆ. ಹಾಗಾಗಿ ಟಿವಿ ಪ್ರಕಾಶಮಾನವಾಗಿರಬೇಕು, ಪ್ರತಿಫಲನ ಕಡಿಮೆಯಿರಬೇಕು. ನಮ್ಮ ಫೆಬ್ರವರಿಯ ತಗ್ಗು ಬಿಸಿಲು ಹಿಮದ ಮೇಲೆ ಬಿದ್ದು ಕಿಟಕಿಯಿಂದ ಒಳಗೆ ಬಂದರೆ ಹೊಳೆಯುವ ಪರದೆಯಲ್ಲಿ ಕಾಣುವುದು ಧಾರಾವಾಹಿಯಲ್ಲ, ನಮ್ಮದೇ ಮುಖ. ಅಳತೆಗೆ ಒಂದು ಸುಲಭ ಲೆಕ್ಕ: ಕೂರುವ ದೂರವನ್ನು ಇಂಚಿನಲ್ಲಿ ಅಳೆದು 1.6ರಿಂದ ಭಾಗಿಸಿ. ಏಳೂವರೆ ಅಡಿಗೆ 55 ಇಂಚು ಸಾಕು. ಗೋಡೆಯ ಮೇಲೆ ತೀರಾ ಎತ್ತರಕ್ಕೆ ಹಾಕಬೇಡಿ, ಕತ್ತು ಅವರದು.

ಕೊಂಡ ಮೇಲೆ ಒಂದು ಪರೀಕ್ಷೆ ಮಾಡಿ. ನಮ್ಮ ಮನೆಯಲ್ಲಿ ಮಾಡಿದ್ದನ್ನೇ ಹೇಳುತ್ತೇನೆ. ಯಾರೂ ನೋಡದ ಕೇಬಲ್ ಬಾಕ್ಸನ್ನು ಅವರ ಕೋಣೆಯಿಂದ ತೆಗೆದೆ. ಮೂರು ರಿಮೋಟ್ ಡ್ರಾಯರಿಗೆ ಹೋದವು. ಆಮೇಲೆ ನಾನು ಕೈಕಟ್ಟಿ ಹಿಂದೆ ನಿಂತೆ. ಟಿವಿ ಹಚ್ಚಿ ಎಂದೆ, ಹಚ್ಚಿದರು. ಈಗ ಕಣ್ಣು ಮುಚ್ಚಿ ಯಾವುದಾದರೂ ಗುಂಡಿ ಒತ್ತಿ ಎಂದೆ. ಒತ್ತಿದರು, ಎಲ್ಲಿಗೋ ಹೋಯಿತು. ಈಗ ವಾಪಸ್ಸು ಬನ್ನಿ ಎಂದೆ. ಅಪ್ಪ ತಡವರಿಸಿದರು. 'ಹೋಮ್' ಗುಂಡಿಯ ಮೇಲಿನ ಮನೆಯ ಚಿತ್ರ ಎಳ್ಳಿನಷ್ಟು ಚಿಕ್ಕದು, ಕಾಣುತ್ತಿರಲಿಲ್ಲ. ಆಗ ಅಮ್ಮ ತಮ್ಮ ಪೌಚಿನಿಂದ ಒಂದು ಕೆಂಪು ಸ್ಟಿಕ್ಕರ್ ಬೊಟ್ಟು ತೆಗೆದು ಆ ಗುಂಡಿಗೆ ಅಂಟಿಸಿಬಿಟ್ಟರು. "ದಾರಿ ತಪ್ಪಿದ್ರೆ ಬೊಟ್ಟು ಒತ್ತಿ" ಎಂದರು. ಹತ್ತು ವರ್ಷದ ಅನುಭವದ ಎಂಜಿನಿಯರ್ ಮಗನಿಗೆ ಹೊಳೆಯದ ಡಿಸೈನು. 'ಸೋರ್ಸ್' ಗುಂಡಿಗೆ ನಾನು ಟೇಪು ಹಾಕಿದೆ. ಮೂರು ಸಾಲಿನ ಸೂಚನೆಯನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಟಿವಿ ಪಕ್ಕ ಅಂಟಿಸಿದೆ. ಇದಕ್ಕೆಲ್ಲ ಆದ ಖರ್ಚು ಒಂದು ಬೊಟ್ಟು, ನಾಲ್ಕಿಂಚು ಟೇಪು. ಈ ಪರೀಕ್ಷೆಯಲ್ಲಿ ಫೇಲಾದರೆ ತಪ್ಪು ಟಿವಿಯದು, ಅವರದಲ್ಲ. ಕಾಸ್ಟ್ಕೋದಂಥ ಕಡೆ ಟಿವಿ ವಾಪಸ್ಸು ಮಾಡಲು 90 ದಿನ ಸಮಯವಿದೆ. ಹಾಗಾಗಿ ಅವರು ಬಂದ ಮೇಲೆ, ಅವರ ಕೈಯಲ್ಲೇ ಪರೀಕ್ಷೆ ಮಾಡಿಸಿ ತೀರ್ಮಾನಿಸಿ.

ಟಿವಿ ಮುಂದೆ ಕೂರಿಸಿದರೆ ಮಗನ ಕರ್ತವ್ಯ ಮುಗಿಯಿತೇ ಎಂದು ಕೇಳುವವರಿದ್ದೀರಿ. ಖಂಡಿತ ಮುಗಿಯುವುದಿಲ್ಲ. ಭಾನುವಾರ ದೇವಸ್ಥಾನಕ್ಕೂ ಕರೆದೊಯ್ಯಬೇಕು, ಊಟದ ಹೊತ್ತಿಗೆ ಫೋನ್ ಕೆಳಗಿಟ್ಟು ಮಾತೂ ಆಡಬೇಕು. ಆದರೆ ಬುಧವಾರ ಬೆಳಿಗ್ಗೆ ಹತ್ತೂವರೆಗೆ ಮೈನಸ್ ಹದಿನೆಂಟು ಡಿಗ್ರಿಯಲ್ಲಿ ನಾವ್ಯಾರೂ ಮನೆಯಲ್ಲಿ ಇರುವುದಿಲ್ಲ ಎನ್ನುವುದೂ ಸತ್ಯ. ನಮ್ಮ ಚಳಿಗಾಲದ ಹತ್ತೂವರೆ ಎಂದರೆ ಊರಿನಲ್ಲಿ ರಾತ್ರಿ ಒಂಬತ್ತು. ಅಕ್ಕಪಕ್ಕದ ಮನೆಯವರು, ಚಿಕ್ಕಪ್ಪ, ಸೋದರತ್ತೆ ಎಲ್ಲ ಅದೇ ವಾರ್ತೆ, ಅದೇ ಧಾರಾವಾಹಿ ನೋಡುತ್ತಿರುವ ಹೊತ್ತು. ಆ ಹೊತ್ತಿನಲ್ಲಿ ಟಿವಿ ಹಚ್ಚಿದರೆ ಅಪ್ಪ-ಅಮ್ಮ ಬ್ರಾಂಪ್ಟನ್ನಿನಲ್ಲಿ ಇರುವುದಿಲ್ಲ. ನಾನು ಅದನ್ನು ಬರೀ ಕಾಲಹರಣ ಎಂದುಕೊಂಡಿದ್ದೆ.

ನಮ್ಮ ಸಂಘಕ್ಕೆ ಒಂದು ಸಣ್ಣ ಕೋರಿಕೆ. ಮುಂದಿನ ಕಾರ್ಯಕ್ರಮದಲ್ಲಿ ಊಟದ ಹಾಲಿನ ಪಕ್ಕ ಒಂದು ಟೇಬಲ್ ಹಾಕೋಣ. ಹಿರಿಯರು ತಮ್ಮ ಮನೆಯ ರಿಮೋಟಿನ ಫೋಟೋ ತರಲಿ. ನಮ್ಮಲ್ಲಿ ಐಟಿಯವರಿಗೆ ಬರಗಾಲವಿಲ್ಲ. ಪ್ರತಿ ರಿಮೋಟಿಗೂ ಕನ್ನಡದಲ್ಲಿ ಒಂದು ಪುಟದ ಚಿತ್ರ-ಸೂಚನೆ ಬರೆದು ಕೊಡೋಣ. ಮೊದಲ ಎರಡು ಗಂಟೆ ನಾನು ಕೂರುತ್ತೇನೆ. ಬೊಟ್ಟಿನ ಪ್ಯಾಕೆಟ್ ಅಮ್ಮ ಕೊಡುತ್ತಾರಂತೆ.

ಮೊನ್ನೆ ಮಾರ್ಚಿನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಯಿತಲ್ಲ. ಸೋಮವಾರ ಹತ್ತೂವರೆ ದಾಟಿದ ಮೇಲೆ ಅಪ್ಪನಿಂದ ಆಫೀಸಿಗೆ ಫೋನ್. ಮೀಟಿಂಗಿನಿಂದ ಎದ್ದು ಹೊರಗೆ ಬಂದು ತೆಗೆದುಕೊಂಡೆ. ಮತ್ತೆ ಟಿವಿ ಹೋಯಿತೇನೋ ಎಂಬ ಗಾಬರಿ. "ಏನಿಲ್ಲ ಕಣೋ, ಟಿವಿ ಸರಿಯಾಗೇ ಇದೆ. ವಾರ್ತೆಯೋರೇ ಒಂದು ಗಂಟೆ ಲೇಟು. ಕೊಬ್ಬರಿ ರೇಟು ಏನಾಯ್ತು ಅಂತ ನೋಡೋಣ ಅಂದ್ರೆ ಹನ್ನೊಂದೂವರೆಗೆ ಅಂತೆ. ಯಾಕೆ, ಅಲ್ಲಿ ಏನಾದ್ರೂ ಮುಷ್ಕರವಾ?" ಗಡಿಯಾರದ ಕಥೆಯನ್ನು ವಿವರಿಸಿ ಹೇಳಿದೆ. ಮೀಟಿಂಗಿಗೆ ಐದು ನಿಮಿಷ ತಡವಾಯಿತು.

ತೊಂದರೆಯಾಗುತ್ತದೆ ಎಂದು ನಾಲ್ಕು ದಿನ ಸುಮ್ಮನಿದ್ದವರು ಇವತ್ತು ದೂರು ಹೇಳಲು ಫೋನ್ ಮಾಡಿದ್ದಾರೆ. ಅಷ್ಟು ಸಾಕು ನನಗೆ. ನಿಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಟಿವಿ ಆರಿದ್ದರೆ, ಪಾಪ ನೋಡಿ ಸಾಕಾಗಿರಬೇಕು ಎಂದುಕೊಳ್ಳದೆ ಇವತ್ತು ಸಂಜೆ ಒಮ್ಮೆ ಒಳಗೆ ಹೋಗಿ ಕೇಳಿ.

ಏನಂತೀರಿ?